ಲಕ್ವಾ ಹೊಡೆಯುವ ಮುನ್ನ

ಬೆಟಗೇರಿಯ ಒಂದು ಓಣಿ, ಬೆಳಗಿನ ಆರೂವರೆ ಗಂಟೆ ಎಂದು ಭಾವಿಸಿಕೊಳ್ಳಿ. 58 ವರ್ಷದ ನೇಕಾರರೊಬ್ಬರು ಚಹಾ ಕುಡಿದು ಮಗ್ಗಕ್ಕೆ ಕುಳಿತಿದ್ದಾರೆ. ಲಾಳಿಯ ಹಗ್ಗ ಜಗ್ಗುವ ಬಲಗೈ ಇದ್ದಕ್ಕಿದ್ದಂತೆ ಸೋತು ಕೆಳಗಿಳಿಯುತ್ತದೆ. "ಯಾಕೋ ಕೈಗೆ ಜೋಮು ಹಿಡದಂಗ ಆಗೇತಿ" ಎಂದು ಹೇಳಹೋದರೆ ಮಾತು ತೊದಲುತ್ತದೆ. "ರಾತ್ರಿ ಒಂದ ಮಗ್ಗಲಾ ಮಲಗಿದ್ರಲ್ಲ, ಅದಕ್ಕ ಇರಬೇಕ ತಗೋರಿ" ಎನ್ನುತ್ತಾರೆ ಮನೆಯವರು. ಸ್ವಲ್ಪ ಮಲಗಿದರೆ ಸರಿಹೋದೀತೆಂದು ಮಲಗಿಸುತ್ತಾರೆ. ಹತ್ತು ಗಂಟೆಗೆ ಪಕ್ಕದ ಮನೆಯ ಹಿರಿಯರು ಬಂದು ನೋಡಿ, ಇದು ಲಕ್ವಾ ಎಂದು ಗುರುತಿಸುತ್ತಾರೆ. ಗುರುತಿಸಿದ್ದು ಸರಿ. ಆದರೆ ಅವರು ಹೇಳುವ ಉಪಾಯ ಪಾರಿವಾಳದ ರಕ್ತ ಹಚ್ಚುವುದು, ಇಲ್ಲವೇ ಇಂಥ ಊರಿನಲ್ಲಿ ಔಷಧಿ ಕೊಡುವವರ ಬಳಿಗೆ ಒಯ್ಯುವುದು. ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಸಂಜೆಯಾಗಿರುತ್ತದೆ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಓದುಗರಿಗೆ ಈ ಚಿತ್ರ ಹೊಸದೇನಲ್ಲ. ಈ ಮನುಷ್ಯ ಎರಡು ಬಾರಿ ಅವಕಾಶ ಕಳೆದುಕೊಂಡಿದ್ದಾನೆ. ಒಂದು, ಆ ದಿನ ಬೆಳಗ್ಗೆ. ಇನ್ನೊಂದು, ಅದಕ್ಕೂ ಮುಂಚಿನ ಹತ್ತು ಹದಿನೈದು ವರ್ಷಗಳಲ್ಲಿ, ಪ್ರತಿದಿನ. ಈ ವಾರ ಮುಖ್ಯವಾಗಿ ಎರಡನೆಯದನ್ನು ಕುರಿತು ತಿಳಿದುಕೊಳ್ಳೋಣ.

ಪಾರ್ಶ್ವವಾಯು ಎಂದರೇನು?

ಹೆಸರಿನಲ್ಲಿ ವಾಯು ಇದ್ದರೂ ಈ ರೋಗಕ್ಕೂ ಗಾಳಿಗೂ ಸಂಬಂಧವಿಲ್ಲ. ಸೋತುಹೋಗುವುದು ಕೈಕಾಲು, ಆದರೆ ರೋಗವಿರುವುದು ತಲೆಯೊಳಗೆ. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಅಥವಾ ಆ ನಾಳವೇ ಒಡೆದು ರಕ್ತ ಚೆಲ್ಲಿದರೆ, ಮಿದುಳಿನ ಆ ಭಾಗ ಕೆಲಸ ನಿಲ್ಲಿಸುತ್ತದೆ. ನೂರರಲ್ಲಿ ಸುಮಾರು 80ರಿಂದ 85 ಮಂದಿಗೆ ಆಗುವುದು ಮೊದಲನೆಯದು. ಉಳಿದವರಿಗೆ ರಕ್ತಸ್ರಾವ. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ. ಹೆಚ್ಚಿನವರಲ್ಲಿ ಮಾತಿನ ಕೇಂದ್ರವಿರುವುದೂ ಎಡಭಾಗದಲ್ಲೇ. ನಮ್ಮ ನೇಕಾರರಿಗೆ ಬಲಗೈಯ ಜೊತೆಗೇ ಮಾತೂ ಕೈಕೊಟ್ಟದ್ದು ಇದೇ ಕಾರಣದಿಂದ.

ಹಾಗಿದ್ದರೆ ನಾಟಿ ಔಷಧಿಯಿಂದ, ರಕ್ತ ಹಚ್ಚಿದ್ದರಿಂದ ಲಕ್ವಾ ವಾಸಿಯಾದವರು ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ, ಸುಳ್ಳಲ್ಲ. ಆದರೆ ಅವರಲ್ಲಿ ಅನೇಕರಿಗೆ ಬಂದದ್ದು ಮಿದುಳಿನ ಪಾರ್ಶ್ವವಾಯು ಅಲ್ಲವೇ ಅಲ್ಲ. ಮುಖದ ನರವೊಂದು ಬಾತುಕೊಂಡು ಬಾಯಿ ಒಂದು ಕಡೆ ಸೊಟ್ಟಗಾಗುವ, ಆ ಬದಿಯ ಕಣ್ಣು ಮುಚ್ಚಲಾಗದ, ಹಣೆ ಸುಕ್ಕುಗಟ್ಟಿಸಲಾಗದ ಬೇರೊಂದು ಕಾಯಿಲೆಯಿದೆ. ವೈದ್ಯರು ಇದನ್ನು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಇದರಲ್ಲಿ ಕೈಕಾಲಿಗೆ ಏನೂ ಆಗುವುದಿಲ್ಲ, ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆ ಅವಧಿಯಲ್ಲಿ ಯಾರು ಏನು ಹಚ್ಚಿದ್ದರೋ ಕೀರ್ತಿ ಅವರಿಗೆ ಸಲ್ಲುತ್ತದೆ! ನಿಜವಾದ ಪಾರ್ಶ್ವವಾಯುವಿನಲ್ಲೂ ಮೊದಲ ತಿಂಗಳುಗಳಲ್ಲಿ ಮಿದುಳು ತನ್ನಷ್ಟಕ್ಕೆ ತುಸು ಚೇತರಿಸಿಕೊಳ್ಳುತ್ತದೆ. ಬಾಯಿ ಸೊಟ್ಟಗಾದಾಗ ಇದು ಯಾವುದೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಮಾತ್ರ ಹೋಗಬೇಡಿ. ಅದು ವೈದ್ಯರ ಕೆಲಸ.

ಸದ್ದಿಲ್ಲದ ಶತ್ರು

ಪಾರ್ಶ್ವವಾಯು ಹಣೆಬರಹವಲ್ಲ. 32 ದೇಶಗಳ ಸುಮಾರು 27 ಸಾವಿರ ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ 'ಇಂಟರ್‌ಸ್ಟ್ರೋಕ್' ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರೂ ಭಾಗಿಗಳು. ಹತ್ತರಲ್ಲಿ ಒಂಬತ್ತು ಪಾರ್ಶ್ವವಾಯುಗಳಿಗೆ ನಾವು ಬದಲಾಯಿಸಬಹುದಾದ ಹತ್ತು ಕಾರಣಗಳೇ ಮೂಲ ಎಂದು ಅದು ಕಂಡುಕೊಂಡಿತು. ಆ ಹತ್ತರಲ್ಲಿ ರಕ್ತದ ಏರೊತ್ತಡವೊಂದರ ಪಾಲೇ ಹೆಚ್ಚುಕಡಿಮೆ ಅರ್ಧದಷ್ಟು. ಆದ್ದರಿಂದ ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞರು ಪರೀಕ್ಷಿಸಿದಾಗ ರಕ್ತದೊತ್ತಡ 186/108 ಇತ್ತು. ಎರಡನೇ ಮಹಾಯುದ್ಧದ ಹೊಣೆ ಹೊತ್ತಿದ್ದ, ಜಗತ್ತಿನ ಅತ್ಯುತ್ತಮ ವೈದ್ಯರು ಕರೆದಾಗ ಬರುವಂತಿದ್ದ ಮನುಷ್ಯ ಆತ. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗದಲ್ಲಿ ಭಯಂಕರ ನೋವು ಎಂದವರು ಎಚ್ಚರ ತಪ್ಪಿದರು. ಆಗ ಒತ್ತಡ 300/190. ಅದೇ ದಿನ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 63. ಒತ್ತಡ ಇಳಿಸಲು ಅಂದಿನ ವೈದ್ಯರ ಕೈಯಲ್ಲಿ ಉಪ್ಪಿನ ಪಥ್ಯ, ವಿಶ್ರಾಂತಿ ಬಿಟ್ಟರೆ ಹೇಳಿಕೊಳ್ಳುವಂಥ ಔಷಧಿ ಇರಲಿಲ್ಲ. ಅನುಕೂಲವಾಗಿ ದಿನವೂ ನುಂಗಬಹುದಾದ ಗುಳಿಗೆಗಳು ಬಂದದ್ದು 1950ರ ದಶಕದ ಕೊನೆಗೆ. ರೂಸ್‌ವೆಲ್ಟ್ ಅವರಿಗೆ ಸಿಗದ ಗುಳಿಗೆ ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ನಾವು ಅದನ್ನು ನುಂಗುವುದಿಲ್ಲ, ಅಷ್ಟೇ.

ಏಕೆ ನುಂಗುವುದಿಲ್ಲ? ಏನೂ ತೊಂದರೆ ಕಾಣುವುದಿಲ್ಲ ಎಂಬ ಕಾರಣಕ್ಕೆ. "ನನಗ ತಲಿ ತಿರಗೂದಿಲ್ಲ, ತಲಿನೋವಿಲ್ಲ, ಬಿ.ಪಿ. ಎಲ್ಲಿಂದ ಬರ್ತೈತ್ರಿ?" ಎಂಬುದು ವೈದ್ಯರು ದಿನವೂ ಕೇಳುವ ಮಾತು. ಏರೊತ್ತಡಕ್ಕೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ತಲೆ ತಿರುಗಿದರೆ ಬಿ.ಪಿ. ಇದೆ, ತಿರುಗದಿದ್ದರೆ ಇಲ್ಲ ಎಂಬ ಲೆಕ್ಕವೇ ತಪ್ಪು. ವರ್ಷಗಟ್ಟಲೆ ಒತ್ತಡ ಹೆಚ್ಚಿದ್ದರೆ ಮಿದುಳಿನೊಳಗಿನ ಕೂದಲೆಳೆಯಂಥ ನಾಳಗಳ ಗೋಡೆ ದಪ್ಪಗಾಗಿ, ಗಡುಸಾಗಿ, ಕೆಲವು ಕಡೆ ಮುಚ್ಚಿಕೊಳ್ಳುತ್ತವೆ, ಕೆಲವು ಕಡೆ ಉಬ್ಬಿ ಒಡೆಯುತ್ತವೆ. ಇದು ಅಳೆಯದೆ ಗೊತ್ತಾಗುವ ಸಂಗತಿಯಲ್ಲ.

ಆದ್ದರಿಂದ 30 ವರ್ಷ ದಾಟಿದ ಪ್ರತಿಯೊಬ್ಬರೂ, ಹೆಂಗಸರು ಗಂಡಸರೆನ್ನದೆ, ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಅಳೆಸುವ ರೀತಿಯೂ ಮುಖ್ಯ. ಬಸ್ಸಿಳಿದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಲೇ ಕೈ ಚಾಚಬಾರದು. ಅರ್ಧ ಗಂಟೆ ಮುಂಚೆ ಚಹಾ, ಬೀಡಿ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಅಳೆಸಿಕೊಳ್ಳಿ. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಎರಡು ಬಾರಿ ನೋಡುವುದು ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಏರೊತ್ತಡವಿದೆ ಎಂದೇ ಅರ್ಥ.

ವಯಸ್ಸಾದವರಿಗೆ ಮೇಲಿನ ಅಂಕಿ ಸ್ವಲ್ಪ ಹೆಚ್ಚಿರುವುದು ಸಹಜ ಎಂಬ ಮಾತು ಹಿಂದೆ ವೈದ್ಯರಲ್ಲೂ ಇತ್ತು. 1991ರಲ್ಲಿ ಅಮೆರಿಕದ ಒಂದು ಪ್ರಯೋಗ ಈ ನಂಬಿಕೆಯನ್ನು ಅಲುಗಾಡಿಸಿತು. 60 ದಾಟಿದ, ಮೇಲಿನ ಅಂಕಿ ಮಾತ್ರ 160ರ ಆಚೆಗಿದ್ದ 4,736 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕ್ಲೋರ್ತಾಲಿಡೋನ್ ಎಂಬ ಅಗ್ಗದ ಗುಳಿಗೆಯಿಂದ ಚಿಕಿತ್ಸೆ ಆರಂಭಿಸಿ, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ ಕೊಡಲಾಯಿತು. ನಿಜವಾದ ಔಷಧಿ ಪಡೆದವರಲ್ಲಿ ಪಾರ್ಶ್ವವಾಯು ಶೇಕಡಾ 36ರಷ್ಟು ಕಡಿಮೆಯಾಗಿತ್ತು. ಅಜ್ಜನಿಗೆ 170 ಇದ್ದರೆ 'ವಯಸ್ಸಾತು ಬಿಡ್ರಿ' ಎನ್ನಬೇಡಿ.

ಗುಳಿಗೆ ಆರಂಭಿಸಿದವರು ಮಾಡುವ ದೊಡ್ಡ ತಪ್ಪು ಮುಂದಿನದು. ಒಂದು ತಿಂಗಳು ನುಂಗಿ ಮತ್ತೆ ಅಳೆಸಿದಾಗ 130/80 ಬರುತ್ತದೆ. ಗುಣವಾಯಿತೆಂದು ನಿಲ್ಲಿಸುತ್ತಾರೆ. ಗುಣವಾದದ್ದಲ್ಲ, ಗುಳಿಗೆ ಕೆಲಸ ಮಾಡುತ್ತಿತ್ತು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಒತ್ತಡ ಮತ್ತೆ ಮೇಲೇರುತ್ತದೆ, ಅದೂ ಸದ್ದಿಲ್ಲದೆ. ಸಂತೆಯ ದಿನ ಮುಂಡರಗಿಗೆ ಬಂದಾಗ ಗುಳಿಗೆ ತೀರಿಹೋಗಿರುವುದು ನೆನಪಾಗಿ, ಬರುವ ವಾರ ನೋಡೋಣವೆಂದು ಮುಂದೂಡಿದವರಿಗೂ ಇದೇ ಗತಿ. ಗುಳಿಗೆಯಿಂದ ಕಾಲು ಬಾತರೆ, ಒಣಕೆಮ್ಮು ಬಂದರೆ ಬೇರೆ ಗುಳಿಗೆಗಳಿವೆ. ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಬೇಕೇ ಹೊರತು ನೀವೇ ನಿಲ್ಲಿಸಬಾರದು.

ಉಪ್ಪು ಎಲ್ಲಿ ಅಡಗಿದೆ?

ನಮ್ಮ ಭಾಗದ ಊಟ ಮೂಲತಃ ಒಳ್ಳೆಯ ಊಟ. ಜೋಳದ ರೊಟ್ಟಿ, ಮಡಿಕಿಕಾಳು, ಹೆಸರುಕಾಳು, ಪುಂಡಿಪಲ್ಯ, ಮೆಂತ್ಯ, ಹಸಿಯಾಗಿ ಕಡಿಯುವ ಹಕ್ಕರಕಿ, ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ. ರಕ್ತನಾಳಗಳಿಗೆ ಇದಕ್ಕಿಂತ ಹಿತವಾದ ತಾಟನ್ನು ಯಾವ ಆಹಾರ ತಜ್ಞರೂ ಸುಲಭವಾಗಿ ಬರೆದುಕೊಡಲಾರರು. ಸೊಪ್ಪು, ಕಾಳು, ಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಒತ್ತಡವನ್ನು ಇಳಿಸುತ್ತದೆ. ತೊಂದರೆ ಇರುವುದು ತಾಟಿನ ಅಂಚಿನಲ್ಲಿ. ಅಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕುಳಿತಿವೆ. ಅವುಗಳ ಪಕ್ಕದಲ್ಲೊಂದು ಚಿಟಿಕೆ ಬಿಳಿ ಉಪ್ಪು, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ. ಸಂಜೆ ಪೇಟೆಗೆ ಹೋದರೆ ಗಿರಮಿಟ್ಟು, ಮಿರ್ಚಿ ಭಜಿ. ಭಜಿಯ ಹಿಟ್ಟಿಗೆ ಹಾಕುವ ಸೋಡಾದಲ್ಲೂ ಉಪ್ಪಿನಲ್ಲಿರುವ ಸೋಡಿಯಂ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. (ಖಾರದಿಂದ ಬಿ.ಪಿ. ಬರುತ್ತದೆಂದು ಮೆಣಸಿನಕಾಯಿಗೆ ಬೈಯುವವರಿದ್ದಾರೆ. ಪಾಪ, ಮೆಣಸಿನಕಾಯಿಯದೇನೂ ತಪ್ಪಿಲ್ಲ. ಅದರ ಜೊತೆ ಕುಟ್ಟುವ ಉಪ್ಪಿನದು ತಪ್ಪು.)

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ತಲೆತಟ್ಟಿದ ಒಂದು ಚಹಾ ಚಮಚ, ಎಲ್ಲ ಸೇರಿ. ನಮ್ಮ ದೇಶದಲ್ಲಿ ಜನ ಇದಕ್ಕಿಂತ ಬಹಳ ಹೆಚ್ಚು ತಿನ್ನುತ್ತಾರೆ. ನಿಮ್ಮ ಮನೆಯ ಲೆಕ್ಕ ತೆಗೆಯುವುದು ಸುಲಭ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಲ್ಕು ಜನರ ಮನೆಯಲ್ಲಿ ಅದು 50 ದಿನ ಬರಬೇಕು. 25 ದಿನಕ್ಕೇ ಮುಗಿದರೆ ತಲೆಗೆ 10 ಗ್ರಾಂ ಆಯಿತು. ಹಪ್ಪಳ, ಉಪ್ಪಿನಕಾಯಿಗಳನ್ನು ಪೇಟೆಯಿಂದ ತಂದಿದ್ದರೆ ಅದು ಬೇರೆ.

ಬಾಯಿಗೆ ರುಚಿ ಬೇಡವೇ ಎಂದು ಕೇಳುವವರಿಗೆ ಹೇಳುವುದಿಷ್ಟು: ಒಮ್ಮೆಲೇ ಸಪ್ಪೆ ಮಾಡಬೇಡಿ. ಈ ವಾರ ಕಾಲು ಭಾಗ ಕಡಿಮೆ ಮಾಡಿ, ಮೂರು ವಾರ ಬಿಟ್ಟು ಮತ್ತಷ್ಟು. ನಾಲಿಗೆ ಹೊಂದಿಕೊಳ್ಳುತ್ತದೆ. ಹುಣಸೆಹುಳಿ, ಲಿಂಬೆಹಣ್ಣು, ಬೆಳ್ಳುಳ್ಳಿ, ಜೀರಿಗೆ ಇವು ಉಪ್ಪಿನ ಕೊರತೆಯನ್ನು ಮರೆಸುತ್ತವೆ. ತಾಟಿನ ಅಂಚಿಗೆ ಹಸಿ ಉಪ್ಪು ಬಡಿಸುವ ರೂಢಿಯನ್ನು ಮಾತ್ರ ಇಂದೇ ಬಿಡಬಹುದು.

ಚೀನಾ ದೇಶದ 600 ಹಳ್ಳಿಗಳಲ್ಲಿ ಹೀಗೊಂದು ಪ್ರಯೋಗ ನಡೆಯಿತು. ಈ ಮೊದಲೇ ಪಾರ್ಶ್ವವಾಯು ಆಗಿದ್ದ, ಅಥವಾ 60 ದಾಟಿ ಏರೊತ್ತಡವಿದ್ದ ಸುಮಾರು 21 ಸಾವಿರ ಮಂದಿ ಅದರಲ್ಲಿದ್ದರು. ಅರ್ಧ ಹಳ್ಳಿಗಳಿಗೆ ಎಂದಿನ ಉಪ್ಪು. ಉಳಿದವುಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಸುಮಾರು ಐದು ವರ್ಷಗಳ ನಂತರ, 2021ರಲ್ಲಿ ಫಲಿತಾಂಶ ಬಂತು. ಬೆರೆಸಿದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆ. ಅಡುಗೆ ಬದಲಾಗಲಿಲ್ಲ, ಔಷಧಿ ಬದಲಾಗಲಿಲ್ಲ, ಉಪ್ಪಿನ ಡಬ್ಬಿ ಬದಲಾಯಿತು. ಇಂಥ ಉಪ್ಪು ನಮ್ಮಲ್ಲೂ ಮಾರಾಟಕ್ಕಿದೆ. ಆದರೆ ಮೂತ್ರಪಿಂಡದ ಕಾಯಿಲೆಯಿರುವವರಿಗೆ, ಕೆಲವು ಬಗೆಯ ಬಿ.ಪಿ. ಗುಳಿಗೆ ನುಂಗುವವರಿಗೆ ಅದು ಅಪಾಯಕಾರಿ. ಅವರು ವೈದ್ಯರನ್ನು ಕೇಳದೆ ಕೊಳ್ಳಬಾರದು.

ತಂಬಾಕು, ದುಡಿಮೆ, ನಡಿಗೆ

ಬೀಡಿ ಸಿಗರೇಟು ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತವೆ, ನಾಳದ ಒಳಗೋಡೆಯನ್ನು ಕೆಡಿಸುತ್ತವೆ. ಸೇದುವುದಿಲ್ಲ, ಎಲೆ ಅಡಿಕೆಯ ಜೊತೆ ಒಂದೆಸಳು ತಂಬಾಕು ಅಷ್ಟೇ ಎನ್ನುವವರೂ ನಿಶ್ಚಿಂತರಾಗಿರುವಂತಿಲ್ಲ. ಜಗಿಯುವ ತಂಬಾಕಿನ ನಿಕೋಟಿನ್ ಸಹ ಒತ್ತಡ ಏರಿಸುತ್ತದೆ. 2013ರಲ್ಲಿ ರಾಜ್ಯ ಸರಕಾರ ಗುಟಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಎಂದು ಮಾರುವ ಜಾಣತನ ಬಂದಿದೆ. ಬಾಯಿಯಲ್ಲಿ ಎರಡೂ ಒಂದಾಗುತ್ತವೆ. ಬಿಟ್ಟವರಲ್ಲಿ ಪಾರ್ಶ್ವವಾಯುವಿನ ಅಪಾಯ ವರ್ಷಗಳುರುಳಿದಂತೆ ಇಳಿಯುತ್ತಾ ಬರುತ್ತದೆ. ಹಾಗಾಗಿ 'ಇಷ್ಟು ವರ್ಷ ತಿಂದಾತು, ಈಗ ಬಿಟ್ಟರ ಏನು ಬಂತು' ಎಂಬ ಮಾತಿಗೆ ಅರ್ಥವಿಲ್ಲ. ಸಾರಾಯಿ, ಬ್ರಾಂದಿಗಳ ವಿಷಯದಲ್ಲಿ ಇಷ್ಟಾದರೆ ಪರವಾಗಿಲ್ಲ ಎಂದು ಅಳತೆ ಹೇಳುವ ಧೈರ್ಯ ನನಗಿಲ್ಲ.

ಇನ್ನು ವ್ಯಾಯಾಮ. ದಿನವಿಡೀ ಮಗ್ಗ ತುಳಿಯುವವರಿಗೆ, ಮುದ್ರಣಾಲಯದಲ್ಲಿ ನಿಂತು ದುಡಿಯುವವರಿಗೆ, ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆ 'ನಡೆಯಿರಿ' ಎಂದರೆ ಸಿಟ್ಟು ಬರುವುದು ಸಹಜ. ಮೈ ದಣಿಯುವುದು ಬೇರೆ, ಎದೆಬಡಿತ ಹೆಚ್ಚುವಂತೆ ಇಡೀ ಮೈ ಆಡುವುದು ಬೇರೆ. ಒಂದೇ ಭಂಗಿಯಲ್ಲಿ ಹತ್ತು ತಾಸು ಕಳೆದವರ ಬೆನ್ನು, ಮೊಣಕಾಲು ದಣಿದಿರುತ್ತವೆ, ಹೃದಯ ಮತ್ತು ರಕ್ತನಾಳಗಳಿಗೆ ಸಿಗಬೇಕಾದದ್ದು ಪೂರ್ತಿ ಸಿಕ್ಕಿರುವುದಿಲ್ಲ. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ ಬಿರುಸಾದ ನಡಿಗೆ ಸಾಕು. ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ. ಅರ್ಧ ಗಂಟೆ ಒಟ್ಟಿಗೆ ಸಿಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲವಾದರೂ ಆದೀತು. ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳಿಗೆ ಈ ಉಪದೇಶದ ಅಗತ್ಯವಿಲ್ಲ. ಅವರಿಗೆ ಬೇಕಾದದ್ದು ಬಿ.ಪಿ. ತಪಾಸಣೆ. ತಮ್ಮ ಕಾಯಿಲೆಯನ್ನು ಎಲ್ಲರಿಗಿಂತ ಕೊನೆಗೆ ನೋಡಿಕೊಳ್ಳುವವರು ಅವರೇ.

ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಹೆಚ್ಚು ಜನರಿಗೆ ಗೊತ್ತಿಲ್ಲದ ಕಾರಣ ಇನ್ನೊಂದಿದೆ. ಹೃದಯ ತಾಳತಪ್ಪಿ ಬಡಿಯತೊಡಗಿದರೆ ಅದರ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ತುಣುಕು ಸಿಡಿದು ಮಿದುಳಿಗೆ ಹೋಗಬಹುದು. ಇಂಥವರಿಗೆ ಪಾರ್ಶ್ವವಾಯುವಿನ ಅಪಾಯ ಐದು ಪಟ್ಟು. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುಬಾವು ಬಂದು ಹೃದಯದ ಕವಾಟ ಕೆಟ್ಟವರಲ್ಲಿ ಇದು ಎಳೆಯ ವಯಸ್ಸಿಗೇ ಕಾಣಿಸುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ. ಗಡಿಯಾರದಂತೆ ಸಮನಾಗಿಲ್ಲದೆ ಅಡ್ಡಾದಿಡ್ಡಿ ಬಡಿಯುತ್ತಿದ್ದರೆ ಒಂದು ಇ.ಸಿ.ಜಿ. ತೆಗೆಸಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳಿವೆ.

ಬಂದು ಹೋದ ಲಕ್ವಾ

ಕೆಲವೊಮ್ಮೆ ಕೈ ಸೋತದ್ದು ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ. ಒಂದು ಕಣ್ಣಿಗೆ ಪರದೆ ಬಿದ್ದಂತಾಗಿ ಮತ್ತೆ ತಿಳಿಯಾಗುತ್ತದೆ. ದೇವರು ಕಾಪಾಡಿದ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಇದು ನಿಟ್ಟುಸಿರು ಬಿಡುವ ಹೊತ್ತಲ್ಲ, ಅದೇ ದಿನ ಆಸ್ಪತ್ರೆಗೆ ಓಡಬೇಕಾದ ಹೊತ್ತು. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ಬಂದು ಹೋದ ಹತ್ತು ಮಂದಿಯಲ್ಲಿ ಒಬ್ಬರಿಗೆ ಮೂರು ತಿಂಗಳೊಳಗೆ ನಿಜವಾದ ಪಾರ್ಶ್ವವಾಯು ಹೊಡೆದಿತ್ತು. ಅವರಲ್ಲಿ ಅರ್ಧದಷ್ಟು ಜನರಿಗೆ ಮೊದಲ ಎರಡೇ ದಿನಗಳಲ್ಲಿ.

ಈಗ ಮತ್ತೆ ಬೆಟಗೇರಿಯ ಆ ಓಣಿಗೆ ಬರೋಣ. ಮನೆಯವರು ಏನು ಮಾಡಬೇಕಿತ್ತು? ನಗಲು ಹೇಳಿ, ಬಾಯಿ ಒಂದು ಕಡೆ ಜೋಲುತ್ತದೆಯೇ ನೋಡಬೇಕಿತ್ತು. ಎರಡೂ ಕೈ ಮುಂದೆ ಚಾಚಿಸಿ, ಒಂದು ಕೆಳಗಿಳಿಯುತ್ತದೆಯೇ ನೋಡಬೇಕಿತ್ತು. ತನ್ನ ಹೆಸರು, ಊರು ಹೇಳಿಸಿ, ಮಾತು ತೊದಲುತ್ತದೆಯೇ ಕೇಳಬೇಕಿತ್ತು. ಇವುಗಳಲ್ಲಿ ಒಂದು ಕಂಡರೂ ಸಾಕು. ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಂಡು 108ಕ್ಕೆ ಫೋನ್ ಮಾಡಬೇಕು. ನಿದ್ದೆಯಿಂದ ಏಳುವಾಗಲೇ ಕೈ ಸೋತಿದ್ದರೆ, ರಾತ್ರಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ವೈದ್ಯರಿಗೆ ಹೇಳಬೇಕು.

ಆ ಹೊತ್ತು ಏಕೆ ಅಷ್ಟು ಮುಖ್ಯವೆಂದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಲಾಭ ಹೆಚ್ಚು. ನಮ್ಮ ನೇಕಾರರ ಪಾಲಿಗೆ ಆ ಬಾಗಿಲು ಬೆಳಗಿನ ಹನ್ನೊಂದಕ್ಕೇ ಮುಚ್ಚುತ್ತಿತ್ತು. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ಮೂಲಕ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವೂ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಅದಕ್ಕೆ ಕೆಲವರಲ್ಲಿ ಇನ್ನೂ ಹೆಚ್ಚು ಅವಧಿ ಸಿಗುತ್ತದೆ. ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರಿಗೆ 2023ರ ಆಗಸ್ಟ್ 30ರ ನಸುಕಿನಲ್ಲಿ ಹೀಗಾದಾಗ ತಡಮಾಡದೆ ಬೆಂಗಳೂರಿನ ಆಸ್ಪತ್ರೆ ಸೇರಿದ್ದರಿಂದ ಕೆಲವೇ ದಿನಗಳಲ್ಲಿ ಮನೆಗೆ ಮರಳಿದರು.

ಬೆಂಗಳೂರಿನವರ ಮಾತು ಬೇರೆ ಎನ್ನಬಹುದು. ನಿಜ. ಮುಂಡರಗಿಯಿಂದ ಗದಗ ಸುಮಾರು 40 ಕಿ.ಮೀ., ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ. ಹಳ್ಳಿಯಿಂದ ಮುಂಡರಗಿಗೆ ಬರುವ ಹೊತ್ತು ಬೇರೆ. ಹಾಗಿದ್ದರೂ ನಾಲ್ಕೂವರೆ ಗಂಟೆಯಲ್ಲಿ ಇದು ಆಗದ ಕೆಲಸವಲ್ಲ, ದಾರಿಯಲ್ಲಿ ನಾಲ್ಕು ಕಡೆ ನಿಲ್ಲದಿದ್ದರೆ. ಅದಕ್ಕಾಗಿ ಒಂದು ಕೆಲಸವನ್ನು ಆರೋಗ್ಯವಾಗಿರುವಾಗಲೇ ಮಾಡಿಟ್ಟುಕೊಳ್ಳಿ. ನಿಮ್ಮೂರಿಗೆ ಹತ್ತಿರದಲ್ಲಿ, ರಾತ್ರಿಯೂ ಸಿ.ಟಿ. ಸ್ಕ್ಯಾನ್ ಮಾಡುವ, ಈ ಚುಚ್ಚುಮದ್ದು ಕೊಡುವ ಆಸ್ಪತ್ರೆ ಯಾವುದು? ನಿಮ್ಮ ವೈದ್ಯರನ್ನೋ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನೋ ಕೇಳಿ, ಹೆಸರು ಮತ್ತು ಫೋನ್ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ. ಸ್ಕ್ಯಾನ್ ಆಗುವವರೆಗೆ ನಾಳ ಮುಚ್ಚಿದೆಯೋ ಒಡೆದಿದೆಯೋ ಯಾರಿಗೂ ಹೇಳಲಾಗದು. ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು, ಗಾಬರಿಯಲ್ಲಿ ಎರಡು ಬಿ.ಪಿ. ಗುಳಿಗೆ ನುಂಗಿಸಬಾರದು. ನೀರು, ಚಹಾ, ಎಣ್ಣೆ, ಕಷಾಯ ಯಾವುದನ್ನೂ ಬಾಯಿಗೆ ಹಾಕಬಾರದು, ಗಂಟಲು ಸೋತಿದ್ದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಎಚ್ಚರ ತಪ್ಪುತ್ತಿದ್ದರೆ ಒಂದು ಮಗ್ಗಲಿಗೆ ಮಲಗಿಸಿ ಒಯ್ಯಿರಿ. ನುಂಗುತ್ತಿದ್ದ ಗುಳಿಗೆಗಳ ಚೀಟಿ ಜೊತೆಯಲ್ಲಿರಲಿ.

ಒಮ್ಮೆ ಪಾರ್ಶ್ವವಾಯು ಆದವರ ಮನೆಯಲ್ಲಿ ಮೇಲೆ ಹೇಳಿದ್ದೆಲ್ಲ ಇಮ್ಮಡಿ ಕಟ್ಟುನಿಟ್ಟಾಗಿ ನಡೆಯಬೇಕು, ಎರಡನೆಯ ಸಲ ಬರುವ ಸಂಭವ ಅವರಲ್ಲಿ ಹೆಚ್ಚು. ಅಂಗಮರ್ದನವೆಂದು ಯಾರಿಂದಲೋ ಜೋರಾಗಿ ತಿಕ್ಕಿಸುವ ಬದಲು ಫಿಸಿಯೋಥೆರಪಿ ತಿಳಿದವರಿಂದ ವ್ಯಾಯಾಮ ಕಲಿತು ಮನೆಯಲ್ಲಿ ದಿನವೂ ಮಾಡಿಸಿ. ಮಾತು ಹೋದವರೊಡನೆ ಮಾತನಾಡುವುದನ್ನು ನಿಲ್ಲಿಸಬೇಡಿ. ಅವರಲ್ಲಿ ಹಲವರಿಗೆ ಕೇಳುತ್ತದೆ, ತಿಳಿಯುತ್ತದೆ, ಹೇಳಲು ಮಾತ್ರ ಬರುವುದಿಲ್ಲ. ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್ ಅವರಿಗೆ 1868ರಲ್ಲಿ, 45ನೇ ವಯಸ್ಸಿನಲ್ಲಿ ಲಕ್ವಾ ಹೊಡೆದು ಎಡಭಾಗ ಸೋತಿತು. ಹುಚ್ಚುನಾಯಿ ಕಡಿತಕ್ಕೆ ಲಸಿಕೆಯನ್ನು ಅವರು ಮೊದಲ ಬಾರಿ ಒಬ್ಬ ಹುಡುಗನಿಗೆ ಕೊಡಿಸಿದ್ದು ಅದಾದ 17 ವರ್ಷಗಳ ನಂತರ, 1885ರಲ್ಲಿ.